ಅಡುಗೆಮನೆಗೆ ಬಂದೆ, ಯಾಕೆ ಬಂದೆ?

ಪ್ರಶ್ನೆ: ನನಗೆ 46 ವರ್ಷ. ಅಡುಗೆಮನೆಗೆ ಹೋಗಿ ನಿಂತರೆ ಏನು ತರಲು ಬಂದೆ ಅನ್ನೋದೇ ಮರೆತಿರುತ್ತದೆ. ಕನ್ನಡಕ ತಲೆ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತೇನೆ. ಇದು ಮರೆವಿನ ಕಾಯಿಲೆಯ ಶುರುವಾ? ಒಂದೆಲಗ ತಿಂದರೆ ಸರಿಹೋಗುತ್ತದಾ?

ಉತ್ತರ: ಇಷ್ಟೇ ಆಗಿದ್ದರೆ ಹೆದರಬೇಡಿ. ಅಮೆರಿಕದ ನಾಟರ್ ಡೇಮ್ ವಿಶ್ವವಿದ್ಯಾಲಯದ ಗೇಬ್ರಿಯಲ್ ರಾಡ್ವಾನ್ಸ್ಕಿ ಮತ್ತು ಸಂಗಡಿಗರು 2011ರಲ್ಲಿ ಇದನ್ನೇ ಪರೀಕ್ಷಿಸಿದರು. ಒಂದೇ ಕೋಣೆಯಲ್ಲಿ ಅಷ್ಟೇ ದೂರ ನಡೆದಾಗಿನದಕ್ಕಿಂತ ಬಾಗಿಲು ದಾಟಿದಾಗ ಮರೆವು ಜಾಸ್ತಿಯಾಯಿತು. ಅದೂ ಕಾಲೇಜು ಹುಡುಗರಿಗೆ! ಕೋಣೆ ಬದಲಾದರೆ ಮಿದುಳು ಹಿಂದಿನ ಕೋಣೆಯ ವಿಷಯವನ್ನು ಬದಿಗೆ ಸರಿಸಿಬಿಡುತ್ತದೆ.

ಕನ್ನಡಕದ ಕಥೆ ಬೇರೆ. ಅದು ಮರೆತದ್ದಲ್ಲ, ನೆನಪಿಗೆ ಹೋಗಲೇ ಇಲ್ಲ. ತಲೆಗೇರಿಸುವಾಗ ಗಮನ ಫೋನಿನ ಮೇಲಿತ್ತು, ಅಲ್ವಾ? ಡಬ್ಬಿಗೆ ಹಾಕದ ಸಕ್ಕರೆಯನ್ನು ಡಬ್ಬಿಯಲ್ಲಿ ಹುಡುಕಿದ ಹಾಗೆ. ನಮ್ಮಲ್ಲಿ ನೆನಪಿನ ಕಲೆಯ ಹೆಸರೇ ಅವಧಾನ, ಅಂದರೆ ಗಮನ. ಎಂಟು ಜನರ ಸವಾಲುಗಳನ್ನು ಒಟ್ಟಿಗೇ ನಿಭಾಯಿಸುವ ಅಷ್ಟಾವಧಾನದಲ್ಲಿ ಅಪ್ರಸ್ತುತ ಪ್ರಸಂಗದವರ ಕೆಲಸವೇ ನಡುನಡುವೆ ಬಾಯಿ ಹಾಕಿ ಅವಧಾನಿಯ ಗಮನ ಕೆಡಿಸೋದು. ಶತಾವಧಾನಿ ಆರ್. ಗಣೇಶರಂಥವರು ಅದಕ್ಕೂ ಉತ್ತರ ಕೊಟ್ಟು ಮತ್ತೆ ಪದ್ಯದ ಎಳೆ ಹಿಡಿಯುತ್ತಾರೆ. ನಮ್ಮ ಜೇಬಿನಲ್ಲೂ ಅಂಥವನೊಬ್ಬ ದಿನವಿಡೀ ಟಿಣ್ ಟಿಣ್ ಅನ್ನುತ್ತಿರುತ್ತಾನೆ. ಆದರೆ ನಾವು ಅವಧಾನಿಗಳಲ್ಲವಲ್ಲ.

ನಾನು ಗ್ಯಾಸ್ ಆರಿಸುವಾಗ ಬಾಯಿಬಿಟ್ಟು ಹೇಳಿಕೊಳ್ಳುತ್ತೇನೆ: "ಮಂಗಳವಾರ, ಗ್ಯಾಸ್ ಆಫ್ ಆಯ್ತು." ಮನೆಯವರು ನಗುತ್ತಾರೆ, ನಗಲಿ. ಬಸ್ ಸ್ಟಾಪಿನಿಂದ ವಾಪಸ್ ಓಡಿ ಬರೋದು ತಪ್ಪಿದೆ.

ನಿದ್ದೆ ಎಷ್ಟು ಮಾಡುತ್ತೀರಿ? ಹಗಲು ಕಲಿತದ್ದು ಗಟ್ಟಿಯಾಗೋದು ನಿದ್ದೆಯಲ್ಲಿ. ಐದೇ ಗಂಟೆ ಮಲಗಿ, ಬೆಳಗ್ಗೆ ನೆನೆಸಿದ ಬಾದಾಮಿ ತಿಂದರೆ ಲೆಕ್ಕ ಸರಿಹೋಗಲ್ಲ. ಜೋರು ಗೊರಕೆ ಇದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಬಿಪಿ, ಶುಗರ್ ಹತೋಟಿ ಮತ್ತು ದಿನದ ವಾಕಿಂಗ್ ಹೃದಯಕ್ಕಷ್ಟೇ ಅಲ್ಲ, ಮಿದುಳಿಗೂ ಬೇಕು. ಮುಟ್ಟು ನಿಲ್ಲುವ ಹೊತ್ತಿನಲ್ಲೂ ಹಲವರಿಗೆ ತಲೆ ಮಂಕಾದ ಹಾಗಾಗುತ್ತದೆ.

ಒಂದು ರಕ್ತ ಪರೀಕ್ಷೆ ಮಾತ್ರ ಮಾಡಿಸಿ: ಬಿ12 ಮತ್ತು ಥೈರಾಯ್ಡ್. ಎರಡರ ಕೊರತೆಯಿಂದಲೂ ಮರೆವು ಬರುತ್ತದೆ, ಎರಡಕ್ಕೂ ಚಿಕಿತ್ಸೆ ಇದೆ. ಸಸ್ಯಾಹಾರಿಗಳಲ್ಲಿ, ವರ್ಷಗಟ್ಟಲೆ ಶುಗರ್‌ಗೆ ಮೆಟ್‌ಫಾರ್ಮಿನ್ ಅಥವಾ ಗ್ಯಾಸ್ಟ್ರಿಕ್ ಮಾತ್ರೆ ನುಂಗುವವರಲ್ಲಿ ಬಿ12 ಕಡಿಮೆಯಾಗೋದು ಜಾಸ್ತಿ. ಕೆಲವು ಶೀತದ ಮಾತ್ರೆ, ನಿದ್ದೆ ಮಾತ್ರೆಗಳೂ ತಲೆ ಮಂಕಾಗಿಸುತ್ತವೆ.

ಇನ್ನು ಒಂದೆಲಗ, ಕರಾವಳಿಯವರ ತಿಮರೆ. ಬ್ರಾಹ್ಮಿ ಅಂತ ನಾವು ಇದನ್ನೂ ಕರೆಯುತ್ತೇವೆ, ನೀರುಬ್ರಾಹ್ಮಿಯನ್ನೂ ಕರೆಯುತ್ತೇವೆ. ಗಿಡಗಳು ಬೇರೆ ಬೇರೆ. ನೀರುಬ್ರಾಹ್ಮಿಯ ಸಾರವನ್ನು ಸುಮಾರು 12 ವಾರ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಕೆಲವರಿಗೆ ಸ್ವಲ್ಪ ಉಪಯೋಗ ಕಂಡಿದೆ, ಕೆಲವರಿಗೆ ಹೊಟ್ಟೆ ಕೆಟ್ಟಿದೆ. ಒಂದೆಲಗದ ತಂಬುಳಿಯನ್ನು ರುಚಿಗೆಂದೇ ತಿನ್ನಿ. ಜೀರಿಗೆ, ಕಾಳುಮೆಣಸು, ಕಾಯಿತುರಿ ಹಾಕಿ ರುಬ್ಬಿ ಮಜ್ಜಿಗೆ ಬೆರೆಸಿದರೆ ಬಿಸಿಲಿಗೆ ಅದಕ್ಕಿಂತ ಹಿತ ಇನ್ನೊಂದಿಲ್ಲ.

ಹತ್ತು ನಿಮಿಷಕ್ಕೊಮ್ಮೆ ಅದೇ ಪ್ರಶ್ನೆ ಕೇಳೋದು, ದಿನಾ ಓಡಾಡುವ ದಾರಿ ತಪ್ಪೋದು, ವರ್ಷಗಳಿಂದ ಮಾಡುತ್ತಿದ್ದ ಸಾರಿನ ಕ್ರಮವೇ ಗೊತ್ತಾಗದಿರೋದು ಶುರುವಾದರೆ ತಡಮಾಡದೆ ನರರೋಗ ತಜ್ಞರನ್ನು ಕಾಣಬೇಕು. ಅಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಗಾಬರಿಯಾಗಿ ಬರುವವರು ಮನೆಯವರು, ಮರೆಯುವವರಲ್ಲ. ನೀವಂತೂ ಕನ್ನಡಕ ಎಲ್ಲಿತ್ತು ಅನ್ನೋದನ್ನೂ ನೆನಪಿಟ್ಟು ಬರೆದಿದ್ದೀರಿ.