ವೆಸ್ಟಾದ ಅವಧಿಯನ್ನು ಎರಡರಿಂದ ಗುಣಿಸುವ ಮುನ್ನ

ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಲ್ಲಿ ಪ್ರಾಜೆಕ್ಟ್‌ಗೆಂದು ಕ್ಷುದ್ರಗ್ರಹದ ಲೈಟ್ ಕರ್ವ್ (ಹೊತ್ತು ಸರಿದಂತೆ ಬೆಳಕು ಏರಿಳಿಯುವುದನ್ನು ತೋರುವ ಗೆರೆ) ತೆಗೆಯುವವರು ವೆಸ್ಟಾದಿಂದ ಶುರು ಮಾಡುವುದು ಒಳ್ಳೆಯದು. ಮಂಗಳ, ಗುರುಗಳ ನಡುವಿನ ಕ್ಷುದ್ರಗ್ರಹಗಳ ಮುಖ್ಯ ಪಟ್ಟಿಯಲ್ಲಿ ಅದರಷ್ಟು ಬೆಳಗುವ ಇನ್ನೊಂದು ಕಾಯವಿಲ್ಲ. ಸೂರ್ಯನಿಂದ ಸರಾಸರಿ 2.36 ಖಗೋಳಮಾನ (ಒಂದು ಖಗೋಳಮಾನವೆಂದರೆ ಭೂಮಿ–ಸೂರ್ಯರ ಸರಾಸರಿ ಅಂತರ) ದೂರ. ಹತ್ತಿರ ಬಂದಾಗ 2.15, ದೂರ ಸರಿದಾಗ 2.57. ಒಂದು ಸುತ್ತಿಗೆ 3.63 ವರ್ಷ. ಅದು ಸೂರ್ಯನ ಎದುರು ದಿಕ್ಕಿಗೆ ಬರುವುದು 16–17 ತಿಂಗಳಿಗೊಮ್ಮೆ. ಆ ಹೊತ್ತು ಮುಂಗಾರಿನಲ್ಲಿ ಬಿದ್ದರೆ ಆ ಸರದಿ ಕೈಬಿಟ್ಟಂತೆಯೇ.

ತೊಡಕಿರುವುದು ತಿರುಗುವ ಅವಧಿಯಲ್ಲಿ. ಉದ್ದನೆಯ ಕಲ್ಲು ಒಮ್ಮೆ ತಿರುಗುವಷ್ಟರಲ್ಲಿ ಅಗಲವಾದ ಮೈಯನ್ನು ಎರಡು ಸಲ ತೋರುತ್ತದೆ, ಬೆಳಕೂ ಎರಡು ಸಲ ಏರುತ್ತದೆ. ಹಾಗಾಗಿ ಏರಿಳಿತದ ಅವಧಿಯನ್ನು ಎರಡರಿಂದ ಗುಣಿಸುವುದು ರೂಢಿ. ವೆಸ್ಟಾದಲ್ಲಿ ಈ ರೂಢಿ ಕೆಡುತ್ತದೆ. ಅದರ ಅಳತೆ 573×557×446 ಕಿ.ಮೀ.; ನಡುಭಾಗ ಹೆಚ್ಚುಕಡಿಮೆ ಉರುಟು. ಬೆಳಕು ಏರಿಳಿಯುವುದು ಒಂದು ಮಗ್ಗುಲು ಇನ್ನೊಂದಕ್ಕಿಂತ ಬೆಳ್ಳಗಿರುವುದರಿಂದ, ಅಂದರೆ ಸುತ್ತಿಗೆ ಒಂದೇ ಸಲ. 5.34 ಗಂಟೆಯೋ, 10.68 ಗಂಟೆಯೋ ಎಂಬ ಪ್ರಶ್ನೆ ದಶಕಗಳ ಕಾಲ ಉಳಿದದ್ದು ಇದರಿಂದಲೇ. ಸರಿಯಾದದ್ದು 5.342 ಗಂಟೆ.

ನಮ್ಮ ಅಕ್ಷಾಂಶದಿಂದ ವೆಸ್ಟಾ ದಿಗಂತದಿಂದ 30 ಡಿಗ್ರಿಗಿಂತ ಮೇಲಿರುವುದು ರಾತ್ರಿಗೆ ಎಂಟು ಗಂಟೆಯ ಆಸುಪಾಸು. ಅದಕ್ಕಿಂತ ಕೆಳಗೆ ಅಳೆಯಬೇಡಿ, ದೂಳು, ಮಬ್ಬು ಲೆಕ್ಕ ಕೆಡಿಸುತ್ತವೆ. 24 ಗಂಟೆಯಲ್ಲಿ ಅದು ಸುಮಾರು ನಾಲ್ಕೂವರೆ ಸುತ್ತು ತಿರುಗುವುದರಿಂದ ಮರುದಿನ ಅದೇ ಹೊತ್ತಿಗೆ ಎದುರು ಮಗ್ಗುಲು ಕಾಣುತ್ತದೆ. ಬೆನ್ನುಬೆನ್ನಿಗೆ ಎರಡು–ಮೂರು ರಾತ್ರಿ ಸಿಕ್ಕರೆ ಎರಡೂ ಅವಧಿಗಳಿಗೆ ಮಡಚಿ, ಅಂದರೆ ಎಲ್ಲ ಅಳತೆಗಳನ್ನು ಒಂದೇ ಸುತ್ತಿನ ಮೇಲೆ ಒಂದರ ಮೇಲೊಂದು ಕೂರಿಸಿ, ನೋಡಬಹುದು. 10.68ಕ್ಕೆ ಮಡಚಿದಾಗ ಎರಡು ಏರುಗಳು ಒಂದೇ ಅಚ್ಚಿನಲ್ಲಿ ಬಂದರೆ ದುಪ್ಪಟ್ಟು ಮಾಡಲು ಆಧಾರವಿಲ್ಲ.

ಏರಿಳಿತವೇ ಶೇ. 10ರ ಆಸುಪಾಸು. ಹೀಗಾಗಿ ಅಳತೆಯ ತಪ್ಪು ಶೇ. 2 ದಾಟಬಾರದು. ಹೆಚ್ಚಿನವರು ಎಡವುವುದು ಎಕ್ಸ್‌ಪೋಷರ್‌ನಲ್ಲಿ: ವೆಸ್ಟಾ ಪ್ರಖರ, ಪಿಕ್ಸೆಲ್ ತುಂಬಿ ಬಿಟ್ಟರೆ ಏರಿನ ತಲೆ ಚಪ್ಪಟೆಯಾಗುತ್ತದೆ. ಎಕ್ಸ್‌ಪೋಷರ್ ತಗ್ಗಿಸಿ, ಜೆಪೆಗ್ ಬಿಟ್ಟು ರಾ ಫೈಲ್ ಇಟ್ಟುಕೊಳ್ಳಿ. ಹೋಲಿಕೆಗೆ ಕನಿಷ್ಠ ಮೂರು ನಕ್ಷತ್ರ ಇರಲಿ. ಒಂದೇ ಆದರೆ, ಅದೇ ಮಿನುಗು ಬದಲಿಸುವ ಜಾತಿಯದ್ದಾಗಿದ್ದರೆ ಗೊತ್ತೇ ಆಗದು. ಕ್ಯಾಮೆರಾದ ಗಡಿಯಾರ ಆರಂಭದಲ್ಲೇ ಸರಿಪಡಿಸಿಕೊಳ್ಳಿ. ಚಿತ್ರದುರ್ಗದ ಗುಡ್ಡಗಳ ಗಾಳಿಗೆ ಸ್ಟ್ಯಾಂಡ್ ಅಲುಗುತ್ತದೆ, ಮರೆ ನೋಡಿ ನಿಲ್ಲಿಸಿ.

ಬೆಳಕು ನೋಡಿ ಗಾತ್ರ ಹೇಳಲು ಮಾತ್ರ ಹೋಗಬೇಡಿ. ಅದೇ ಪಟ್ಟಿಯ ಅತಿ ದೊಡ್ಡ ಕಾಯ, ಸುಮಾರು 940 ಕಿ.ಮೀ. ಅಗಲದ ಸೆರೆಸ್, 525 ಕಿ.ಮೀ.ಯ ವೆಸ್ಟಾಗಿಂತ ಮಂಕು. ಸೆರೆಸ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 9ರಷ್ಟನ್ನು ಮರಳಿಸಿದರೆ, ವೆಸ್ಟಾ ಶೇ. 40ಕ್ಕೂ ಹೆಚ್ಚು ಮರಳಿಸುತ್ತದೆ.