ಎಂಟಡಿ ಗೋಡೆ ಯಾರಿಗೆ ಮರೆ?

ನಮ್ಮ ಓಣಿಯಲ್ಲಿ ಕಳೆದ ಬೇಸಿಗೆಯಲ್ಲಿ ಕಳ್ಳತನ ಆದದ್ದು ಎಂಟಡಿ ಕಾಂಪೌಂಡ್ ಇರುವ ಮನೆಯಲ್ಲಿ. ಗೋಡೆ ಮೇಲೆ ಗಾಜಿನ ಚೂರು, ಗೇಟಿಗೆ ತಗಡು. ಮನೆಯವರು ಮದುವೆಗೆ ಅಂತ ಸೇಡಂಗೆ ಹೋಗಿದ್ದರು. ಎದುರುಮನೆ ಆಯಿ ಸೆಕೆಗೆ ನಿದ್ದೆ ಬಾರದೆ ರಾತ್ರಿ ಒಂದರವರೆಗೂ ಹೊರಗೇ ಕೂತಿದ್ದರು, ಆದರೆ ಅವರಿಗೆ ಕಂಡದ್ದು ತಗಡು ಮಾತ್ರ. ಹಿಂದಿನಿಂದ ಜಿಗಿದ ಕಳ್ಳ ಅದರ ಮರೆಯಲ್ಲೇ ಆರಾಮಾಗಿ ಬೀಗ ಒಡೆದಿದ್ದಾನೆ. ಪಕ್ಕದಲ್ಲೇ ಇರುವ ಹಳೇ ಮನೆಗೆ ಮುಂದೆ ಶಹಾಬಾದ್ ಕಲ್ಲಿನ ಕಟ್ಟೆ, ಮೊಳಕಾಲೆತ್ತರದ ಗೋಡೆ ಅಷ್ಟೇ. ಅದರ ತಂಟೆಗೆ ಹೋಗಿಲ್ಲ.

ಕಾವಲು ಅಂದರೆ ಮುಚ್ಚುವುದಲ್ಲ, ಕಾಣುವಂತೆ ಇಡುವುದು ಅಂತ ನಮ್ಮ ಕಡೆಯ ಹಳಬರಿಗೆ ಗೊತ್ತಿತ್ತು. ಬೀದರಿನ ಚೌಬಾರಾ ನೋಡಿದ್ದೀರಲ್ವಾ? ಹಳೇ ಊರಿನ ನಟ್ಟನಡುವೆ, ನಾಲ್ಕು ರಸ್ತೆ ಕೂಡುವಲ್ಲಿ ನಿಂತಿರುವ 71 ಅಡಿಯ ದುಂಡನೆ ಗೋಪುರ. ಮೇಲೆ ನಿಂತವನಿಗೆ ಬೀದಿಗಳೂ ಕಾಣಬೇಕು, ಊರಾಚೆಯ ಬಯಲೂ ಕಾಣಬೇಕು, ಕೆಳಗೆ ಓಡಾಡುವವನಿಗೆ ಮೇಲೊಬ್ಬ ಇದ್ದಾನೆ ಅನ್ನುವುದೂ ಗೊತ್ತಿರಬೇಕು. ಹಳ್ಳಿಗಳಲ್ಲಿ ಈ ಕೆಲಸ ಹುಡೇವಿನದ್ದು, ಅಂದರೆ ಊರ ಕಾವಲು ಬುರುಜಿನದ್ದು, ಮತ್ತೆ ಊರಬಾಗಿಲಾದ ಅಗಸಿಯದ್ದು. ಅಗಸಿ ಕಟ್ಟೆ ಮೇಲೆ ಕೂತ ಹಿರಿಯರು 'ಯಾವೂರು, ಯಾರ ಪೈಕಿ' ಅಂತ ಕೇಳದೆ ಹೊಸಬರನ್ನು ಒಳಗೆ ಬಿಡುತ್ತಿರಲಿಲ್ಲ. ಆ ಕಟ್ಟೆ ಮೇಲೆ ಯಾರು ಕೂರಬಹುದಿತ್ತು, ಯಾರು ತಲೆ ತಗ್ಗಿಸಿ ದಾಟಬೇಕಿತ್ತು ಅನ್ನುವುದು ನಮಗೆಲ್ಲ ಗೊತ್ತಿರುವ ಇನ್ನೊಂದು ಕಥೆ.

ಇದು ಒಂದು ಶಾಸ್ತ್ರದ ಹಾಗೆ ಬೆಳೆದದ್ದು ಅಮೆರಿಕದಲ್ಲಿ. 1961ರಲ್ಲಿ ಜೇನ್ ಜೇಕಬ್ಸ್ ಅನ್ನುವ ಪತ್ರಕರ್ತೆ ಒಂದು ಸರಳ ಮಾತು ಬರೆದರು: ಬೀದಿಯನ್ನು ಕಾಯುವುದು ಮೊದಲು ಪೊಲೀಸರಲ್ಲ, ಅಂಗಡಿಯವರು, ಕಿಟಕಿಯಲ್ಲಿ ನಿಂತವರು, ಸುಮ್ನೆ ಓಡಾಡುವವರು. 1971ರಲ್ಲಿ ರೇ ಜೆಫ್ರಿ ಅನ್ನುವ ಅಪರಾಧಶಾಸ್ತ್ರಜ್ಞ, ಜಾಗದ ವಿನ್ಯಾಸದಿಂದಲೇ ಅಪರಾಧ ತಡೆಯುವ ಈ ವಿದ್ಯೆಗೆ ಹೆಸರಿಟ್ಟರು. ಮರುವರ್ಷ ಆಸ್ಕರ್ ನ್ಯೂಮನ್ ಅನ್ನುವ ವಾಸ್ತುಶಿಲ್ಪಿ ಅದಕ್ಕೆ ಒಂದು ಕಣ್ಣಾರೆ ಕಂಡ ಉದಾಹರಣೆ ಕೊಟ್ಟರು. ಸೇಂಟ್ ಲೂಯಿಸ್ ನಗರದಲ್ಲಿ ಬಡವರಿಗಾಗಿ ಸರ್ಕಾರ ಕಟ್ಟಿದ್ದ ಪ್ರೂಯಿಟ್-ಐಗೋ ಬಡಾವಣೆ, 11 ಮಹಡಿಯ 33 ಕಟ್ಟಡ. ಎರಡೇ ಮನೆಯವರು ಬಳಸುವ ಮೆಟ್ಟಿಲ ತಿರುವು ಚೊಕ್ಕ ಇತ್ತು, ಇಪ್ಪತ್ತು ಮನೆಯವರು ಬಳಸುವ ಕಾರಿಡಾರು ಗಲೀಜು, ಭಯ. ಎಲ್ಲರದ್ದೂ ಅಂದರೆ ಯಾರದ್ದೂ ಅಲ್ಲ. ರಸ್ತೆ ಆಚೆ ಅದೇ ಥರದ ಜನ ಇದ್ದ ತಗ್ಗು ಮನೆಗಳ ಕಾರ್ ಸ್ಕ್ವೇರ್ ವಿಲೇಜ್ ಮಾತ್ರ ಚೆನ್ನಾಗಿಯೇ ಉಳಿದಿತ್ತು. ಪ್ರೂಯಿಟ್-ಐಗೋವನ್ನು 1972ರಿಂದ ಸ್ಫೋಟಕ ಇಟ್ಟು ಕೆಡವತೊಡಗಿದರು.

ಎಲ್ಲ ತಪ್ಪನ್ನೂ ಕಟ್ಟಡದ ಮೇಲೆ ಹಾಕಬೇಡಿ ಅಂತ ಆಮೇಲೆ ಬಂದವರು ಹೇಳಿದ್ದು ನನಗೆ ಸರಿ ಅನ್ಸುತ್ತೆ. ರಿಪೇರಿಗೆ ದುಡ್ಡಿರಲಿಲ್ಲ, ಊರಿನಲ್ಲಿ ಕೆಲಸ ಕಡಿಮೆಯಾಗಿತ್ತು, ಕಪ್ಪು ಜನರನ್ನು ಬೇರೆ ಇಡುವ ಬುದ್ಧಿಯೂ ಅದರಲ್ಲಿತ್ತು.

ನಮ್ಮಲ್ಲಿ ಈ ವಿಷಯ ಬಂದರೆ ಮಾತು ಸೀದಾ ಕ್ಯಾಮೆರಾಗೆ ಹೋಗುತ್ತದೆ. ಜನ ಸೇರುವ ಜಾಗಗಳಲ್ಲಿ ಸಿಸಿಟಿವಿ ಇರಬೇಕು ಅಂತ ಕರ್ನಾಟಕದಲ್ಲಿ 2017ರ ಕಾಯ್ದೆಯೇ ಇದೆ. ಆದರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಕ್ಯಾಮೆರಾ ಜಾಸ್ತಿ ಕೆಲಸ ಮಾಡಿದ್ದು ವಾಹನ ನಿಲ್ಲಿಸುವ ಜಾಗಗಳಲ್ಲಿ, ಹೊಡೆದಾಟ ಬಡಿದಾಟದ ಮೇಲೆ ಅದರ ಪರಿಣಾಮ ಅಷ್ಟಕ್ಕಷ್ಟೇ. ಬರೀ ಬೆಳಕಿನ ಲೆಕ್ಕ ನೋಡಿ: 2016ರಲ್ಲಿ ನ್ಯೂಯಾರ್ಕಿನ ಸರ್ಕಾರಿ ವಸತಿಗಳ ಅಂಗಳದಲ್ಲಿ ದೊಡ್ಡ ದೀಪ ನಿಲ್ಲಿಸಿದಾಗ ರಾತ್ರಿ ಹೊರಗೆ ನಡೆಯುವ ಗಂಭೀರ ಅಪರಾಧ ಸುಮಾರು 36% ಇಳಿಯಿತು.

ಕಲಬುರಗಿಯಲ್ಲಿ ಸಂಜೆ ಸೂಪರ್ ಮಾರ್ಕೆಟ್ ಅನ್ನುವ ಪೇಟೆ ಕಡೆ ಹೋದರೆ ಹೆಣ್ಣುಮಕ್ಕಳು ಒಂಬತ್ತರವರೆಗೂ ಆರಾಮಾಗಿ ಓಡಾಡುತ್ತಾರೆ: ಬಂಡಿಗಳು, ದೀಪ, ಗದ್ದಲ. ಅಲ್ಲಿಂದ ಹೊಸ ಲೇಔಟಿಗೆ ಬಂದರೆ ಅಗಲ ರಸ್ತೆ, ಎರಡೂ ಕಡೆ ಗೋಡೆ, ಒಂದು ಕಿಟಕಿಯೂ ಇತ್ತ ನೋಡುವುದಿಲ್ಲ. ಏಳು ಗಂಟೆಗೇ ಹೆಜ್ಜೆ ಬೇಗ ಬೇಗ ಬೀಳುತ್ತವೆ.

ಅಂದಹಾಗೆ, ಕಳ್ಳತನ ಆದ ಮನೆಯವರು ತಗಡು ತೆಗೆಸಿ ಗೇಟಿಗೆ ಸರಳು ಹಾಕಿಸಿದ್ದಾರೆ. ಆಯಿಗೆ ಈಗ ಒಳಗಿನ ತುಳಸಿಕಟ್ಟೆವರೆಗೂ ಕಾಣುತ್ತದೆ. ಬೈಕ್ ಎಷ್ಟೊತ್ತಿಗೆ ಬಂತು, ಯಾರು ಬಂದು ಹೋದರು, ಎಲ್ಲ ಗೊತ್ತು. ಆ ಮನೆಯ ಸೊಸೆಗೆ ಮಾತ್ರ ಇದು ಅಷ್ಟಾಗಿ ಹಿಡಿಸಿಲ್ಲ.