ಹೆಸರು ಆಮೇಲೆ, ಮೊದಲು ಹೂವು ನೋಡೋಣ

"ಸರ್ರ, ತೊಗರಿ ಏನ್ ನೋಡೋದು ರೀ, ನಮ್ಮ ಹೊಲದಾಗೇ ಅದ."

ಪ್ರತಿ ವರ್ಷ ತೊಗರಿ ಹೂ ಬಿಡುವ ಹೊತ್ತಿಗೆ ಈ ಮಾತು ಕೇಳುತ್ತೇನೆ. ಕಲಬುರಗಿ ಹತ್ತಿರದ ಹಳ್ಳಿ ಶಾಲೆಯಲ್ಲಿ ಆರನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ನಿಸರ್ಗದ ನೋಟ್‌ಬುಕ್ ಶುರು ಮಾಡಲು ಇದಕ್ಕಿಂತ ಒಳ್ಳೆಯ ಗಿಡ ನನಗೆ ಸಿಕ್ಕಿಲ್ಲ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಈ ಭಾಗದ್ದೇ ವಿಶೇಷ ಬೆಳೆ ಅನ್ನುವ ಅಧಿಕೃತ ಗುರುತು, ಬಂತು. ಮಕ್ಕಳು ದಿನಾ ಉಣ್ಣುವ ಬೇಳೆ ಅದು. ಆದರೂ ಹೂವಿಗೆ ಎಷ್ಟು ಎಸಳು ಎಂದು ಕೇಳಿದರೆ ತರಗತಿ ಗಪ್ ಚುಪ್.

ಹೆಸರು ಹೇಳಿದ ಕೂಡಲೇ ಮಕ್ಕಳು ನೋಡುವುದನ್ನು ಬಿಡುತ್ತಾರೆ. ತೊಗರಿ ಅಂದರೆ ಮುಗೀತು. ಹಾಗಾಗಿ ಮೊದಲ ಅರ್ಧ ಗಂಟೆ ಹೆಸರು ಬರೆಯುವಂತಿಲ್ಲ. ಮೇಲೆ ದಿನಾಂಕ, ಸಮಯ, ಜಾಗ, ಬಿಸಿಲೋ ಮೋಡವೋ. ಕೆಳಗೆ ಚಿತ್ರ, ಪಕ್ಕದಲ್ಲಿ ಸ್ಕೇಲಿನಿಂದ ಅಳೆದ ಉದ್ದ. ರಬ್ಬರ್ ಕೊಡುವುದಿಲ್ಲ. ತಪ್ಪಿದ ಗೆರೆಯ ಪಕ್ಕದಲ್ಲೇ ಸರಿ ಗೆರೆ ಎಳೆದರೆ, ಮಗು ಎರಡನೇ ಸಲ ಎಲ್ಲಿ ನೋಡಿತು ಅಂತ ನನಗೂ ಗೊತ್ತಾಗುತ್ತದೆ. ಚಂದದ ಚಿತ್ರಕ್ಕೆ ಜಾಸ್ತಿ ಅಂಕ ಇಲ್ಲ.

ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಹೂವು. ಹಿಂದೆ ಬಾವುಟದ ಹಾಗೆ ನಿಂತ ದೊಡ್ಡ ಎಸಳು, ಅಕ್ಕಪಕ್ಕ ಎರಡು ರೆಕ್ಕೆ, ನಡುವೆ ಎರಡು ಎಸಳು ಕೂಡಿ ಪುಟ್ಟ ದೋಣಿ. ಪೆನ್ಸಿಲ್ ತುದಿಯಿಂದ ದೋಣಿಯನ್ನು ಮೆಲ್ಲಗೆ ಬಿಡಿಸಿದರೆ ಒಳಗೆ ಕೇಸರಗಳು. ಎಣಿಸಿದರೆ ಹತ್ತು. ಒಂಬತ್ತು ಬುಡದಲ್ಲಿ ಕೂಡಿಕೊಂಡಿರುತ್ತವೆ, ಒಂದು ಬೇರೆಯಾಗಿ ನಿಂತಿರುತ್ತದೆ. "ಅದೊಂದು ಸಿಟ್ಟು ಮಾಡ್ಕೊಂಡದ ರೀ" ಅಂದಳು ಒಬ್ಬ ಹುಡುಗಿ. ಅದನ್ನೇ ಬರಿ ಅಂದೆ. ಮುಂದೆ ಕಡಲೆ ಹೂ ಬಿಟ್ಟಾಗ ಅವಳೇ ಬಿಡಿಸಿ ನೋಡಿ ಓಡಿಬಂದಳು. ಅಲ್ಲೂ ಒಂದು ಸಿಟ್ಟು ಮಾಡಿಕೊಂಡಿತ್ತು! ಒಂದೇ ಕುಟುಂಬದ ಗಿಡಗಳು ಅನ್ನುವ ಪಾಠ ಅವತ್ತು ತಾನಾಗಿಯೇ ಆಯಿತು.

ಆಗಸ್ಟ್‌ನಲ್ಲೇ ಶುರು ಮಾಡುವುದಾದರೆ, ರೈತರನ್ನು ಕೇಳಿ ಒಂದು ಎಳೆ ಗಿಡವನ್ನು ಮಣ್ಣಿನ ಹೆಂಟೆ ಸಮೇತ ಅಗೆದು ತನ್ನಿ. ಎರೆ ಮಣ್ಣು ಬೇರಿಗೆ ಗಟ್ಟಿಯಾಗಿ ಹಿಡಿದಿರುತ್ತದೆ, ಬಕೆಟ್ ನೀರಿನಲ್ಲಿ ನೆನೆಸಿ ಬಿಡಿಸಬೇಕು. ಬೇರಿನ ಮೇಲೆ ಸಣ್ಣ ಗಂಟುಗಳು ಕಾಣುತ್ತವೆ. ಒಂದನ್ನು ಸೀಳಿದಾಗ ಒಳಗೆ ಕೆಂಪಗಿದ್ದರೆ, ಅಲ್ಲಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿವೆ ಎಂದರ್ಥ.

ಎಕ್ಕದ ಹಾಲು ಕಣ್ಣಿಗೆ ತಾಗಬಾರದು. ದತ್ತೂರಿ ವಿಷ. ಕಾಂಗ್ರೆಸ್ ಹುಲ್ಲು ಮುಟ್ಟಿದರೆ ಕೆಲವರಿಗೆ ಮೈ ತುರಿಸುತ್ತದೆ. ಹೊರಗೆ ಹೋಗುವ ಮೊದಲೇ ಈ ಮೂರನ್ನೂ ದೂರದಿಂದ ತೋರಿಸಿಬಿಡಿ.

ಒಂದು ಪುಟಕ್ಕೆ ಒಂದು ಪ್ರಶ್ನೆಯನ್ನಾದರೂ ಬರೆಸುತ್ತೇನೆ, ಉತ್ತರ ಮಾತ್ರ ನಾನು ಹೇಳುವುದಿಲ್ಲ. ಹೋದ ವರ್ಷ ಒಬ್ಬ ಹುಡುಗ ತಮ್ಮ ಹೊಲದ ಎರಡು ಹೂವು ಬರೆದು ತಂದ. ಒಂದರ ಬಾವುಟದ ಹಿಂಭಾಗದಲ್ಲಿ ಕೆಂಪು ಗೆರೆ, ಇನ್ನೊಂದು ಪೂರ್ತಿ ಹಳದಿ. "ಯಾಕ ಬ್ಯಾರೆ ಬ್ಯಾರೆ?" ಅಂತ ಕೆಳಗೆ ಬರೆದಿದ್ದ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ನೈವೇದ್ಯ ಚೆಲ್ಲಲು, ಮನೆಮಂದಿಯೆಲ್ಲ ಹೊಲಕ್ಕೆ ಹೋದಾಗ ಅಪ್ಪನನ್ನು ಕೇಳಿದನಂತೆ. ಮರುದಿನ ಆ ಪುಟದಲ್ಲಿ ಹೊಸ ಸಾಲು ಇತ್ತು: "ಬದುವಿನ ಕಡೆ ನಾಕು ಸಾಲಿಗೆ ಮಾಮಾ ಕೊಟ್ಟ ಬೀಜ ಹಾಕ್ಯಾರ."